ಒಂದೂವರೆ ಗಂಟೆ ಮುಂದೆ

ಅಜ್ಮಾನಿನ ಖೋರ್ ದಂಡೆ, ಹಡಗು ರಿಪೇರಿಯ ಅಂಗಳ.
ಆಗಸ್ಟ್. ಕಿಟಕಿಯ ಗಾಜು ಇಲ್ಲಿ ಹೊರಗಿನಿಂದ ಬೆವರುತ್ತದೆ,
ಒಳಗೆ ನಾನು ಸ್ವೆಟರ್ ಹಾಕಿ ಕೂತಿದ್ದೇನೆ.
ಗೇಟಿನಲ್ಲಿ ಟೇಕ್ ಬಹಾದೂರ್ ರಿಜಿಸ್ಟರ್ ಮುಂದೊಡ್ಡಿದ್ದ:
ಹೆಸರು, ಕಂಪೆನಿ, ಒಳಬಂದ ಹೊತ್ತು.
ಆರು ವರ್ಷದಿಂದ ನನ್ನನ್ನು ಬಲ್ಲ.
ಆದರೂ ಬರೆಸಿದ. ಬರೆಸಬೇಕು.

ಕೆಲಸ ಹೇಳಲು ಸಣ್ಣದು.
ಮೂಲೆಯಲ್ಲಿ ಗೊರಕೆ ಹೊಡೆಯುವ ಈ ಮುದಿ ಯುನಿಕ್ಸ್ ಸರ್ವರ್
ಹದಿನಾಲ್ಕು ವರ್ಷದ ನಕ್ಷೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ.
ಇದಕ್ಕೆ ತನ್ನದೇ ಪಟ್ಟಿ, ತನ್ನದೇ ಪಾಸ್‌ವರ್ಡು,
ಮೇಜುಗಳ ಮೇಲಿನ ವಿಂಡೋಸಿಗೆ ಇನ್ನೊಂದು.
ನಾಳೆಯಿಂದ ವಿಂಡೋಸ್ ಗುರುತಿಸಿದವರನ್ನು
ಇದೂ ಗುರುತಿಸಬೇಕು,
ನೀನು ಯಾರ ಪೈಕಿ ಎಂದು ಮತ್ತೆ ಕೇಳಬಾರದು.

ಹೆಸರುಗಳು ಹೊಸ ಬಗೆಯಲ್ಲಿ ಬಂದವು.
ಮೊದಲು ಕಂಪೆನಿ,
ಆಮೇಲೆ ಹಿಂದಕ್ಕೆ ವಾಲಿದ ಒಂದು ಗೀಟು,
ಆ ಗೀಟಿಗೆ ಒರಗಿಕೊಂಡು ನಾವು.
ವೀಸಾದ ಹಾಳೆಯಲ್ಲೂ ಹೀಗೇ ಅಲ್ಲವೆ?
ನಗು ಬಂತು. ಜೊತೆಗೆ ನಗಲು ಯಾರೂ ಇರಲಿಲ್ಲ.

ಇನ್ನೂ ಒಳಗೆ ಹೋದರೆ ಹೆಸರೂ ಇಲ್ಲ, ಬರೀ ಸಂಖ್ಯೆ.
ವೆಲ್ಡಿಂಗಿನ ಫೋರ್‌ಮನ್ ಗುಲ್ ಜಮಾನ್ ೧೦೦೧೭,
ಲೆಕ್ಕದ ಮಾರಿಸೆಲ್ ೧೦೦೨೩.
ಕಟ್ಟುವಾಗ ತಪ್ಪಿದರೆ
ಅವನ ಕಾಗದ ಅವಳದಾಗುತ್ತದೆ,
ವಾರಸುದಾರರಿಲ್ಲದ್ದು 'ಯಾರೂ ಅಲ್ಲ' ಎಂಬವನ ಪಾಲಾಗುತ್ತದೆ.
ಅಂಥವನೊಬ್ಬ ನಿಜಕ್ಕೂ ಇದ್ದಾನೆ ಯುನಿಕ್ಸಿನಲ್ಲಿ.
ಮನೆಯಿಲ್ಲ, ಪಾಸ್‌ವರ್ಡಿಲ್ಲ, ಆದರೂ ಹಾಜರಿ ತಪ್ಪಿಸುವುದಿಲ್ಲ.

ಎಲ್ಲ ಬರೆದೆ. ಸೇರಿಕೋ ಎಂದೆ.
ಒಲ್ಲೆ ಎಂದಿತು ಸರ್ವರ್.
ಮತ್ತೆ. ಒಲ್ಲೆ.
ಅಕ್ಷರ ಅಕ್ಷರ ತಡವಿದೆ, ಚುಕ್ಕೆ ಚುಕ್ಕೆ ಎಣಿಸಿದೆ.
ಆಮೇಲೆ ಕಣ್ಣಿಗೆ ಬಿತ್ತು:
ಗೋಡೆಯಲ್ಲಿ ಒಂಬತ್ತು ನಲವತ್ತು,
ಸರ್ವರಿನೊಳಗೆ ಹನ್ನೊಂದು ಹತ್ತು.

ಟಿಕೆಟ್ ಕೊಡುವಾತ ಮೊದಲು ಗಡಿಯಾರ ನೋಡುತ್ತಾನೆ.
ಐದು ನಿಮಿಷದ ಹೆಚ್ಚುಕಡಿಮೆ ಸಹಿಸುತ್ತಾನೆ, ಅಷ್ಟೇ.
ಒಂದೂವರೆ ಗಂಟೆ ಎಂದರೆ
ಅದು ಊರಿನ ಗಂಟೆ.

ಐತಪ್ಪ ಸಾಲಿಯಾನರ ಕೆಲಸ, ಮತ್ತಾರದು.
ನಕ್ಷೆ ಬಿಡಿಸುವವರು; ಈ ಪೆಟ್ಟಿಗೆಗೆ ಮೊದಲಿಂದಲೂ ಅವರೇ ದಿಕ್ಕು.
ಹದಿನಾಲ್ಕು ವರ್ಷ ಪಡುಬಿದ್ರಿಯ ಹೊತ್ತಿನಲ್ಲಿ
ಓಡಿದೆ ಅಜ್ಮಾನಿನ ಈ ಯಂತ್ರ!
ಪ್ರೊಪೆಲ್ಲರಿನ ಪ್ರತಿ ಅಲಗೂ, ಚುಕ್ಕಾಣಿಯ ಪ್ರತಿ ತಿರುಪೂ
ಊರಿನ ಹೊತ್ತನ್ನು ಬೆನ್ನಿಗೆ ಬರೆದುಕೊಂಡಿದೆ.
ನನಗೆ ಗಂಟಲು ಕಟ್ಟಿತು.

ಫೋನು ಮಾಡಿದೆ. ಕ್ಯಾಂಪಿನ ಅಡುಗೆಮನೆಯ ಗದ್ದಲ, ಎಣ್ಣೆಯ ಚಟಪಟ.
"ಅದಾ? ಸುಹರಾ, ಅದನ್ನು ಮಂಗಳೂರಿಂದ
ಲುಂಗಿಯಲ್ಲಿ ಸುತ್ತಿ ತಂದದ್ದಲ್ವಾ ಹಳೇ ಮ್ಯಾನೇಜರ್ರು.
ಗಂಟೆ ತಿರುಗಿಸಿ ಅಂತ ನನಗೆ ಯಾರೂ ಹೇಳ್ಲಿಲ್ಲ.
ನೀವೇ ತಿರುಗಿಸಿ. ಬಂಗುಡೆ ಸೀದು ಹೋಗ್ತದೆ, ಇಡ್ತೇನೆ."

ತಿರುಗಿಸಿದೆ.
ಒಂದೇ ಮಾತಿಗೆ ಸೇರಿಕೊಂಡಿತು.
ಟಿಕೆಟ್ ಬಂತು, ಹತ್ತು ಗಂಟೆ ಬಾಳುವಂಥದ್ದು.
ನನ್ನ ಹೆಸರಿಗೆ ಕಡತಗಳು ತೆರೆದುಕೊಂಡವು,
ಪಾಸ್‌ವರ್ಡು ಕೇಳದೆ.

ಒಂದು ಮಾತ್ರ ಉಳಿಯಿತು.
ಐತಪ್ಪ ಇವತ್ತು ಹೊರಡುವ ಮುಂಚೆ ಉಳಿಸಿದ ಟಗ್ ಬೋಟಿನ ನಕ್ಷೆ,
ರಾತ್ರಿ ಹತ್ತೂವರೆ ಎಂದಿದೆ.
ಈಗಿನ್ನೂ ಒಂಬತ್ತು ನಲವತ್ತೈದು.
ಇನ್ನೂ ಆಗದ ಹೊತ್ತಿನಲ್ಲಿ ಬಿಡಿಸಿಟ್ಟ ನಕ್ಷೆ;
ಬ್ಯಾಕಪ್ಪು ಕಂಗಾಲಾಗುತ್ತದೆ.

ಒಂದು ಸಾಲಿನ ಆಜ್ಞೆ ಸಾಕು ತಿದ್ದಲು.
ಬೆರಳು ಕೀಲಿಯ ಮೇಲೆಯೇ ಇತ್ತು.
ಬೇಡವೆನಿಸಿತು. ಫ್ಲಾಸ್ಕಿನ ಸುಲೈಮಾನಿ ಬಗ್ಗಿಸಿಕೊಂಡು
ಹತ್ತೂವರೆಯಾಗಲೆಂದು ಕೂತೆ.

ಗೇಟಿನಲ್ಲಿ ಮತ್ತೆ ರಿಜಿಸ್ಟರ್. ಹೊರಹೋದ ಹೊತ್ತು?
ಟೇಕ್ ಬಹಾದೂರನ ಫೋನು ಬಗ್ಗಿ ನೋಡಿದೆ:
ಹನ್ನೆರಡು ಇಪ್ಪತ್ತೈದು.
ಅವನು ಅದನ್ನು ಬೋರಲು ಹಾಕಿದ.
"ಇದು ಊರಿನದ್ದು. ಮೇಡಂ, ನಿಮ್ಮದು ನೋಡಿ ಬರೀರಿ."