ಮೇಲಿನ ಮನೆಯ ಕಡಲು

ಮೂರನೇ ಮಹಡಿಯ ವಲೆಂಟಿ ಕಡಲು ಕಟ್ಟುತ್ತಿದ್ದಾನೆ,
ಸರಿಯಾಗಿ ನನ್ನ ಮಂಚದ ಮೇಲೆ.
ನಾನೂರು ಲೀಟರು, ಕಲ್ಲು ಬೇರೆ.
ಜಗಳಕ್ಕೆಂದೇ ಮೆಟ್ಟಿಲು ಹತ್ತಿದೆ;
ಟಾರ್ಚು ಕೈಗಿಟ್ಟು "ಹಿಡಕೊಳ್ಳಿ" ಅಂದ.

ಬೋಖ್ನಿಯಾದ ಉಪ್ಪಿನ ಗಣಿಯಲ್ಲಿ ಇಪ್ಪತ್ತೆರಡು ವರ್ಷ
ಆನಿಕೆ ಕೊಟ್ಟು ಸೂರು ನಿಲ್ಲಿಸಿದ ಕೈ.
ಸ್ಟ್ಯಾಂಡಿಗೂ ಹಾಗೇ, ಪೈನ್ ಕಾಲು ನೇರ ತೊಲೆಯಡಿಗೆ:
"ಭಾರ ಮರದ ಮೇಲೆ ಕೂರಬೇಕು,
ಮೊಳೆಗೆ ಜೋತುಬೀಳಬಾರದು."
ರಸಮಟ್ಟದ ಗುಳ್ಳೆ ನಡುವಿಗೆ ಬರುವ ತನಕ
ಕಾಲಡಿಗೆ ಒಂದು ಇಸ್ಪೀಟೆಲೆ, ಮತ್ತರ್ಧ.

ಕೆಳಗೆ ಸಂಪು: ಯಾರೋ ಬಿಸಾಡಿದ ಗಾಜಿನ ತೊಟ್ಟಿ,
ಒಳಗೆ ಮೂರು ಕೋಣೆ, ಸಿಲಿಕೋನಿನ ಹುಳಿ ವಾಸನೆ.
"ಗಣಿಯ ತಳದಲ್ಲೂ ಇಂಥದೇ ಗುಂಡಿ.
ಸೋರಿದ್ದೆಲ್ಲ ಅಲ್ಲಿಗೇ.
ಪಂಪಿನವನೇ ನಮ್ಮ ಪಾದ್ರಿ."

ಉಪ್ಪು ಇನ್ನೂ ಹಾಕಿಲ್ಲ. ಬರೀ ನಲ್ಲಿ ನೀರು.
ಪ್ಲಗ್ಗು ಕಿತ್ತ.

ಪಂಪಿನ ಗೊಣಗು ನಿಂತು
ಮೇಲಿನ ನೀರು ಕೊಳವೆಯಲ್ಲಿ ಗುಳುಗುಳು ಇಳಿಯತೊಡಗಿತು.
ಸಂಪು ಏರಿತು. ಪೆನ್ಸಿಲ್ ಗೆರೆ ದಾಟಿತು.
ನನಗೆ ನನ್ನ ಹಾಸಿಗೆಯ ಚಿಂತೆ,
ಅಮ್ಮ ಹೆಣೆದ ಉಣ್ಣೆಯ ಹೊದಿಕೆಯ ಚಿಂತೆ.
ಅವನು ನೀರು ನೋಡುತ್ತಲೇ ಇರಲಿಲ್ಲ;
ಕಣ್ಣು ಮುಚ್ಚಿ ಕಿವಿಗೊಟ್ಟಿದ್ದ,
ಹತ್ತಿ ಬರುತ್ತಿರುವವರ ಹೆಜ್ಜೆ ಎಣಿಸುವ ಹಾಗೆ.

ಅಂಚಿಗೆ ಎರಡು ಬೆರಳಿರುವಾಗ ನಿಂತಿತು.

"ಎರಡೇ ಬೆರಳು," ಅಂದೆ.
"ಧಾರಾಳ," ಅಂದ. "ಅವತ್ತು ನಮಗೆ ಒಂದಿತ್ತು."
ಯಾವತ್ತು ಎಂದು ನಾನು ಕೇಳಲಿಲ್ಲ.

ಕೆಳಗೆ ಬಂದು ಮಂಚವನ್ನು
ಕಿಟಕಿಯ ಕಡೆಗೆ ಒಂದು ಮೊಳ ಸರಿಸಿದೆ;
ಆಮೇಲೆ, ಯಾಕೋ,
ಮತ್ತೆ ಅಲ್ಲಿಗೇ.