ಕೌದಿಗೆ ಕತ್ತರಿ

ಜಾಕೀಟು ಕೆಟ್ಟದ್ದೇನಲ್ಲ, ಸುಳ್ಳು ಯಾಕ ಹೇಳ್ಲಿ.
ನಿಪ್ಪಾಣಿ ಸಂತ್ಯಾಗ ಒಂಬೈನೂರಾ ಐವತ್ತು ಕೊಟ್ಟು ತಂದದ್ದು.
ಕರೀ ಬಣ್ಣ, ಒಳಗ ಮೆತ್ತನ್ನ ಸ್ಪಂಜು,
ಎದಿ ಮ್ಯಾಲ ಇಂಗ್ಲೀಷಿನ್ಯಾಗ ಏನೋ ಬರದೈತಿ,
ಓದಿದವರು ನಕ್ಕಾರ, ಅರ್ಥ ಹೇಳಿಲ್ಲ.

ಆದ್ರ ಅದಕ್ಕ ಟ್ರ್ಯಾಕ್ಟರ್ ಗೊತ್ತಿಲ್ಲ.
ಎದಿ ಬೆಚ್ಚಗ, ಮಣಕಾಲು ಬರ್ಫು.
ಸೀಟಿನ ಮ್ಯಾಲ ಕುಂತ್ರ ಬೆನ್ನಿಗೆ ಏರತೈತಿ,
ಸೊಂಟದ ಹತ್ರ ನಾಕ ಬಟ್ಟು ಬಯಲು.
ಹಾರೂಗೇರಿ ಕಡೆಯ ಗಾಳಿಗೆ ಅಷ್ಟ ಸಾಕು.

ಪುಷ್ಯದ ರಾತ್ರಿ. ಫ್ಯಾಕ್ಟರಿ ಗೇಟಿಗೆ ಪಾಳಿ.
ನನ್ನ ಮುಂದ ನೂರಾ ಹನ್ನೆರಡು ಗಾಡಿ,
ಹಿಂದ ಎಷ್ಟೋ, ಎಣಿಸಿದಂವ ಮಲಗ್ಯಾನ.
ತಾಸಿಗೆ ಎರಡು ಸಲ ಪಾಳಿ ಸರಿತೈತಿ,
ನಾಕ ಗಾಡಿ, ಆರ ಗಾಡಿ, ಒಮ್ಮೊಮ್ಮೆ ಬರೇ ಒಂದು.
ಸರೀಲಿಲ್ಲಂದ್ರ ಹಿಂದಿನಂವ ಹಾರನ್ ಹೊಡೀತಾನ,
ಹಾರನ್ ನಿಂತ್ರ ಇನ್ನೂ ಕೆಟ್ಟದ್ದು,
ಅಡ್ಡ ಬಂದು ಸೇರ್ತಾನ.

ಮೊದಲ ಕಬ್ಬಿನ ಮ್ಯಾಲ ಅವ್ವನ ಕೌದಿ ಹೊಚ್ಗೊಂಡು ಮಲಗ್ತಿದ್ದೆ.
ಕಾವು ಕೂಡಾಕ ಪಾವ ತಾಸು ಬೇಕು,
ಕೂಡೂದ್ರಾಗ ಹಾರನ್.
ಕೌದಿ ಒಗದು, ಇಳದು, ಗೇರ್ ಹಾಕಿ, ನಾಕ ಗಾಡಿ ಮುಂದ,
ತಿರಗಿ ಹತ್ತೂದ್ರಾಗ
ಕೌದಿ ನನ್ನ ಮರತಿರತಿತ್ತು.

'ಅದನ್ನ ಉಟಗೊಂಡ ಯಾಕ ಹೊಡೀಬಾರದು ಗಾಡಿ?'
ಅಂದಾಕಿ ತಂಗೆವ್ವ ಚಿಗವ್ವ.
ಕತ್ತರಿ ತಂದಳು. ನಟ್ಟನಡುವ ಹಿಡದಳು.
ಹಿಡದಾಕಿ ಹಂಗ ಕುಂತಳು ಸ್ವಲ್ಪ ಹೊತ್ತು.
ಅಕ್ಕನ ಕೈಯ ಹೊಲಿಗಿ.
ಇಳಕಲ್ ಸೀರಿ ಅಂಚು, ಅಪ್ಪನ ಧೋತರ, ನನ್ನ ಸಾಲಿ ಚಡ್ಡಿ,
ಇಲೆಕ್ಷನ್ಯಾಗ ಯಾರೋ ಹಂಚಿದ ಸೀರಿ,
ಅದ ಎಲ್ಲಕ್ಕಿಂತ ಗಟ್ಟಿ.
ಕರ್ರ್ ಅಂತು.

ಪದರಿನ ನಡುವಿಂದ ಏನೋ ಬಿತ್ತು.
ಉಗುರಿನಷ್ಟು ರೊಟ್ಟಿ.
ಖಾಲಿ ಹೊಟ್ಟಿಲೆ ಕೌದಿ ಮುಚ್ಚಬಾರದು ಅಂತ
ಹೊಲಿಯೂ ಮುಂದ ಇಟ್ಟದ್ದು, ಹತ್ತೊಂಬತ್ತು ವರ್ಷದ್ದು,
ಇರಿವಿಗೂ ಸಿಗದ್ದು.
ಚಿಗವ್ವ ಬೆಳಕಿಗೆ ಹಿಡದು ನೋಡಿ
'ಸಜ್ಜಿದು' ಅಂದಳು.
ಅಷ್ಟ ಅಂದಳು.
ಕೊಳ್ಳಿನ ಪಟ್ಟಿಯೊಳಗ ಮತ್ತ ಇಟ್ಟು ಹೊಲದಳು.

ತಲಿ ತೂರಿಸಿದೆ. ಸಿಕ್ಕೊಂಡ್ತು.
ಕಿವಿ ಮಡಚಿ, ಮೂಗು ಒತ್ತಿ, ಒಳಗ ಕತ್ತಲಿ,
ಹಳೀ ಅರಿವಿ ವಾಸನಿ, ಹೊರಗ ಚಿಗವ್ವನ ನಗಿ:
'ಹುಟ್ಟೂ ಮುಂದನೂ ಹಿಂಗ, ಎರಡು ದಿನ ಕಾಡಿದಿ ಅಕಿನ್ನ.
ಗದ್ದ ಎದಿಗೆ ಹಚ್ಚೋ ಭಾಡ್ಯಾ, ಗದ್ದ!'
ಗದ್ದ ಎದಿಗೆ ಹಚ್ಚಿದೆ.
ಹೊರಗ ಬಂದೆ.

ಪಾಳ್ಯಾಗ ಮೊದಲನೇ ರಾತ್ರಿ ಎಲ್ಲಾರೂ ಎದ್ದು ನಕ್ಕರು.
ಪಾದ್ರಿ ಅಂದರು, ಜೋಗ್ಯಾ ಅಂದರು, ಎತ್ತಿನ ಝೂಲ ಅಂದರು.
ದಸ್ತಗೀರ ಮಾತ್ರ ನಗಲಿಲ್ಲ,
ಅವನ ಜಾಕೀಟಿನ ಝಿಪ್ಪು ಹೋಗಿತ್ತು.
'ತೂತಿನ್ಯಾಗಿಂದ ಗಾಳಿ ಬರೂದಿಲ್ಲೇನು?' ಅಂದ.
'ತೂತಿನ್ಯಾಗ ನಾ ಇರತೇನಲ್ಲ' ಅಂದೆ.

ಈಗ ಹಾರನ್ ಆದ್ರ ಹಂಗ ಎದ್ದು ಹೊಕ್ಕೇನಿ.
ಕಾವು ನನ್ನ ಕೂಡ ಇಳೀತೈತಿ, ನನ್ನ ಕೂಡ ಹತ್ತತೈತಿ.
ಸ್ಟೇರಿಂಗಿಗೆ ಎರಡೂ ಕೈ ಮೋಕಳಿ.
ಡೀಸಲ್ ಕಲಿ ಆಗ್ಯಾವ, ಹೌದು.
ರವದಿ ಚುಚ್ಚಿ ಎರಡು ಕಡೆ ದಾರ ಬಿಚ್ಚೈತಿ.
ಅಕಾಲ ಮಳಿ ಬಂದ್ರ ಏನ್ ಮಾಡ್ತಿ ಅಂದ್ರ ಉತ್ತರ ಇಲ್ಲ.
ಜಾಕೀಟು ಸೀಟಿಗೆ ಹಾಸೇನಿ. ಮೆತ್ತಗೈತಿ.

ನಸುಕಿನ್ಯಾಗ ಕಾಟಾ.
ತುಂಬಿದ ಗಾಡಿ ತೂಗತಾರ, ನಾ ಮ್ಯಾಲ ಕುಂತಿರತೇನಿ.
ಕಬ್ಬು ಇಳಿಸಿ ಖಾಲಿ ಗಾಡಿ ತೂಗತಾರ, ಆಗೂ ಕುಂತಿರತೇನಿ.
ದೊಡ್ಡದ್ರಾಗ ಸಣ್ಣದ್ದು ಕಳದ್ರ ಕಬ್ಬಿನ ಲೆಕ್ಕ.
ಕಾರಕೂನ ಕಣ್ಣುಜ್ಜಿ ನೋಡಿದ:
'ಕೌದಿ ತಗದು ಕುಂಡ್ರಬೇಕಲ್ಲಪಾ, ಮೂರು ಕಿಲೋ ಆಕ್ಕೈತಿ.'
'ತುಂಬಿದ್ದರಾಗೂ ಐತಿ, ಖಾಲಿದರಾಗೂ ಐತಿ ಸಾಹೇಬ್ರ,
ಕಳದ್ರ ಹೋತು' ಅಂದೆ.
ಅಂವ ಬೆರಳು ಮಡಚಿ ಲೆಕ್ಕ ಹಾಕಿ
ಚೀಟಿ ಹರದು ಕೊಟ್ಟ.
ಕೌದಿ ಅದರಾಗ ಇರಲಿಲ್ಲ.