ನೆಲ ಡೊಂಕು

ವರ್ಷಕ್ಕೊಮ್ಮೆ, ನವೆಂಬರಿನ ಮೊದಲ ಶನಿವಾರ,
ಬಾಲ್ಟಿಮೋರಿನ ಈ ಹಳೆಯ ಟಾಕೀಸಿಗೆ
ಜನ ಒಂದೇ ಒಂದು ಬೂಟು ಕೈಯಲ್ಲಿ ಹಿಡಿದು ಬರುತ್ತಾರೆ.
ಟಿಕೆಟ್ ಹರಿಯುವ ಹೊಸ ಹುಡುಗ ಕೇಳಿದ:
ಇನ್ನೊಂದು ಎಲ್ಲಿ?
ಸಾಲಿನಲ್ಲಿದ್ದವರೆಲ್ಲ ನಕ್ಕರು. ತಾಳು, ನೋಡ್ತೀಯ.

ಮೊದಲ ಭಾಗದ ಬಗ್ಗೆ ಹೇಳುವುದು ಹೆಚ್ಚಿಲ್ಲ.
ಓಡಿತು, ದುಡ್ಡು ಮಾಡಿತು, ಮುಗಿಯಿತು.
ಎರಡನೆಯದನ್ನು ಆರು ವಾರದಲ್ಲಿ ತೆಗೆದರಂತೆ,
ಹಾಗೆ ತೆಗೆದಂತೆಯೇ ಇದೆ.
ಅಲ್ಲಿ ಸತ್ತು ಹೂಳಿಸಿಕೊಂಡ ಖಳ
ಇಲ್ಲಿ ಮೀಸೆ ಬಿಟ್ಟುಕೊಂಡು ಬರುತ್ತಾನೆ,
ಯಾರೂ ಏನೂ ಕೇಳುವುದಿಲ್ಲ.
ನಾಯಕಿ ಅಳುತ್ತ ಲಾಂಡ್ರಿಗೆ ನುಗ್ಗಿದರೆ
ಹದಿನಾಲ್ಕು ವಾಷಿಂಗ್ ಮೆಶಿನ್ನುಗಳೂ ತಾಳ ಹಾಕುತ್ತವೆ.
ಒಂದರಲ್ಲಿ ಯಾರದೋ ಕೆಂಪು ಕಾಲುಚೀಲ
ಸುತ್ತುತ್ತಲೇ ಇರುತ್ತದೆ, ಕತೆ ಎಲ್ಲಿಗೆ ಹೋದರೂ.

ಪತ್ರಿಕೆಯವರು ಬಿಟ್ಟಾರೆಯೆ?
ಹಾಲ್ವರ್ಸನ್ ಎಂಬ ದೊಡ್ಡ ವಿಮರ್ಶಕ ಬರೆದ:
"ಇಡೀ ಚಿತ್ರದಲ್ಲಿ ಬುದ್ಧಿ ಇದ್ದದ್ದು ಒಂದು ಬೂಟಿಗೆ ಮಾತ್ರ.
ಎಪ್ಪತ್ತೊಂದನೆಯ ನಿಮಿಷಕ್ಕೆ ಅದು ಎದ್ದು ಹೊರಟುಹೋಯಿತು."

ಆ ಬೂಟು ಲೊರೆಟಾ ಪಿಂಕ್ನಿಯದು.
ಮೂರನೆಯ ಸಾಲು, ಎಡದಿಂದ ಎರಡನೆಯವಳು,
ಹಳದಿ ಟ್ರ್ಯಾಕ್‌ಸೂಟು, ಹತ್ತೊಂಬತ್ತು ವಯಸ್ಸು,
ದಿನಕ್ಕೆ ನಲವತ್ತು ಡಾಲರು, ಒಂದು ಸ್ಯಾಂಡ್‌ವಿಚ್.
ಗಿರ್ರನೆ ತಿರುಗುವಾಗ ಬಲಗಾಲಿನದು ಕಳಚಿ
ಕ್ಯಾಮೆರಾದ ನೆತ್ತಿ ಸವರಿಕೊಂಡು ಹಾರಿತು.
ಮತ್ತೆ ತೆಗೆಯೋಣವೆಂದರೆ ರೀಲಿರಲಿಲ್ಲ, ಹೊತ್ತೂ ಇರಲಿಲ್ಲ.
ಅವಳು ನಿಲ್ಲಲಿಲ್ಲ.
ಒಂದು ಪಾದ ಬರಿದು, ಒಂದು ಪಾದ ಎತ್ತರ,
ಹನ್ನೊಂದು ಸೆಕೆಂಡು ಕುಂಟುತ್ತಲೇ ಕುಣಿದಳು
ಕುಂಟನ್ನೂ ತಾಳದ ಲೆಕ್ಕಕ್ಕೆ ಸೇರಿಸಿಕೊಂಡು.

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ.
ಗಾದೆ ಕಟ್ಟಿದವರು ಒಮ್ಮೆ
ಆ ಸ್ಕೇಟಿಂಗ್ ರಿಂಕಿಗೆ ಹೋಗಿ ಬರಬೇಕಿತ್ತು.
ನೆಲ ನಿಜಕ್ಕೂ ಡೊಂಕಿತ್ತು.
ಕೆಳಗೆ ಪೈಪು ಒಡೆದು, ಹಲಗೆ ಉಬ್ಬಿ,
ಗೋಲಿ ಇಟ್ಟರೆ ತಾನಾಗಿ ಬಾಗಿಲಿಗೆ ಉರುಳುತ್ತಿತ್ತು.
ಅದರ ಮೇಲೆ ಮೂವತ್ತಾರು ಮಂದಿ ಕುಣಿದರು.
ಒಬ್ಬರೂ ಹೇಳಲಿಲ್ಲ.
ಹೇಳಿದ್ದರೆ ಆ ದಿನದ ಕೂಲಿ ಹೋಗುತ್ತಿತ್ತು.

ನಾನು ಮೇಲಿನ ಕೋಣೆಯಲ್ಲಿ ಪ್ರೊಜೆಕ್ಟರ್ ನಡೆಸುವವನು.
ಒಳ್ಳೆಯ ಚಿತ್ರ ಯಾವುದೆಂದು ನನಗೂ ಗೊತ್ತು;
ಅದಕ್ಕೆ ಏಳು ಜನ ಬಂದು
ಕೆಮ್ಮನ್ನೂ ತಡೆದುಕೊಂಡು ಕೂರುತ್ತಾರೆ.
ಇದು ಒಳ್ಳೆಯದೆಂದು ಆಣೆ ಹಾಕಲಾರೆ.
ಆದರೂ ಈ ಕಿಂಡಿಯಿಂದ ಮೂವತ್ತು ಸಲ ನೋಡಿದ್ದೇನೆ,
ಪ್ರತಿ ಸಲವೂ ಎಪ್ಪತ್ತನೆಯ ನಿಮಿಷಕ್ಕೆ
ಕಾಫಿ ಕೆಳಗಿಟ್ಟು ಎದ್ದು ನಿಲ್ಲುತ್ತೇನೆ.

ಈ ಸಲ ಹುಡುಗ ಮೆಟ್ಟಿಲು ಹತ್ತಿ ಬಂದು ನಗುತ್ತ ಹೇಳಿದ:
ಒಬ್ಬ ಹೆಂಗಸು ಬರಿಗೈಲಿ ಬಂದಿದ್ದಾಳೆ,
ಜೊತೆಗೆ ಮೊಮ್ಮಗಳು.
ಸ್ಕೂಲ್ ಬಸ್ ಓಡಿಸುವವರ ಜಾಕೆಟ್ಟು, ಊರುಗೋಲು.
ಬೂಟು ಮರೆತಿರಾ ಅಂದೆ.
ಇಲ್ಲಪ್ಪ, ನಲವತ್ತು ವರ್ಷದ ಹಿಂದೆಯೇ
ಎಸೆದಾಯಿತು ಅಂದಳು. ತಲೆ ಕೆಟ್ಟಿರಬೇಕು.

ನಾನು ಉತ್ತರ ಕೊಡಲಿಲ್ಲ. ಬಾಯಿ ಒಣಗಿತ್ತು.

ಎಪ್ಪತ್ತೊಂದು.
ಮುನ್ನೂರು ಬೂಟು ಒಟ್ಟಿಗೆ ಎದ್ದವು,
ಬೆಳಕಿನ ಕೋಲಿನಲ್ಲಿ ಬಾವಲಿಗಳ ಹಾಗೆ;
ಪರದೆಯ ಮೇಲೆ ಹಳದಿ ಹುಡುಗಿಯ ಸುತ್ತ
ಅವುಗಳ ನೆರಳೂ ಕುಣಿಯಿತು.
ಜನ ಒಂದು ಕಾಲಿನ ಮೇಲೆ ಹನ್ನೊಂದರವರೆಗೆ ಎಣಿಸಿದರು.
ಮೊದಲ ಸಲ ನಾನು ಪರದೆ ನೋಡಲಿಲ್ಲ.
ಹಿಂದಿನ ಸಾಲಿನ ತುದಿಯಲ್ಲಿ
ಅವಳು ಬಗ್ಗಿಕೊಂಡಿದ್ದಳು, ಮುಖ ಕಾಣುತ್ತಿರಲಿಲ್ಲ.
ಅಳುತ್ತಿದ್ದಾಳೆ ಅಂದುಕೊಂಡೆ.

ಲೇಸು ಬಿಗಿಯುತ್ತಿದ್ದಳು,
ಎರಡು ಗಂಟು, ಮೇಲೊಂದು.

ಚಿತ್ರ ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು.
ಖಳ ಮೀಸೆ ಬೋಳಿಸಿಕೊಂಡು
ಒಳ್ಳೆಯವನಾಗುವುದು ಬಾಕಿ ಇತ್ತು.